ತಾತ್ಯಾರ ದನಿ, ಅತ್ತೆಯ ಖಲಬತ್ತಾ

ನನ್ನ ಮಂಚದ ತಲೆದಿಂಬಿನ ಕಡೆಯ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇದೆ. ಮನೆಗೆ ಬಂದವರು ಮೊದಲು ಇಟ್ಟಿಗೆಯನ್ನು ನೋಡುತ್ತಾರೆ, ಆಮೇಲೆ ಮಂಚವನ್ನು, ಕೊನೆಗೆ ನನ್ನನ್ನು. ಮಂಚಕ್ಕೆ ಗೆದ್ದಲು ಹಿಡಿದಿರಬೇಕು ಎಂದು ಕೆಲವರು ಮರುಗಿದ್ದಾರೆ. ಇದೇನೋ ವಾಸ್ತು ಇರಬೇಕೆಂದು ನಂಬಿದ ಗೆಳತಿಯೊಬ್ಬಳು ಹೇಳದೆ ಕೇಳದೆ ತನ್ನ ಮನೆಯಲ್ಲೂ ಇಟ್ಟಿಗೆ ಇಟ್ಟುಕೊಂಡಳು. ಯಾವ ಕಡೆ ಎಂಬುದನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ. ಕಾಲಿನ ಕಡೆ ಇಟ್ಟು ಮಲಗಿ, ಬೆಳಗಾಗುವುದರೊಳಗೆ ಗೋಡೆಗೆ ತಲೆ ಒತ್ತಿಕೊಂಡು ಎದ್ದಳಂತೆ. ನಾನು ಸಮಾಧಾನ ಹೇಳಿದೆನೇ ಹೊರತು ಕಾರಣ ಹೇಳಲಿಲ್ಲ, ಯಾಕೆಂದರೆ ಕಾರಣ ಬಹಳ ಉದ್ದ.

ಈ ಇಟ್ಟಿಗೆಗಳು ನನಗೆ ಬಂದದ್ದು ನನ್ನ ಮಾವನವರಿಂದ. ಬೇರೆ ಸೊಸೆಯಂದಿರಿಗೆ ಮಾವನ ಕಡೆಯಿಂದ ಬಳೆ ಬರುತ್ತದೆ, ಸರ ಬರುತ್ತದೆ. ನನಗೆ ಎದೆಉರಿ ಬಂತು, ಅದರ ಹಿಂದೆ ಇಟ್ಟಿಗೆ ಬಂದವು. ಮಾವನ ರೋಗ ಸೊಸೆಗೆ ರಕ್ತದಲ್ಲಿ ಇಳಿಯಲಾರದು ಎಂಬುದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಒಂದೇ ಒಲೆಯ ಅನ್ನ ಉಂಡವರಿಗೆ ಒಂದೇ ಬಗೆಯ ಉರಿ ಬಂದರೆ ತಪ್ಪೇನು ಎಂದುಕೊಂಡು ಸುಮ್ಮನಿದ್ದೇನೆ.

ಈ ಉರಿಯ ವಿಚಾರದಲ್ಲಿ ಮೊದಲಿನಿಂದಲೂ ನನಗೊಂದು ಕುತೂಹಲ. ಹೊಟ್ಟೆ ಉರಿಯಿತು ಎಂದರೆ ಪಕ್ಕದ ಮನೆಯವರು ಹೊಸ ಸ್ಕೂಟರು ತಂದಿದ್ದಾರೆ ಎಂದರ್ಥ. ಎದೆ ಉರಿಯಿತು ಎಂದರೆ ಮಧ್ಯಾಹ್ನದ ಮೆಣಸಿನಕಾಯಿ ಭಜಿ ಇನ್ನೂ ಕೆಳಗಿಳಿದಿಲ್ಲ ಎಂದರ್ಥ. ಹುಳಿ ಹುಟ್ಟುವುದು ಹೊಟ್ಟೆಯಲ್ಲಿ, ಹೆಸರು ಕೆಡುವುದು ಎದೆಯದು. ಇನ್ನೊಂದು ಸೋಜಿಗವೆಂದರೆ ಆ ಹುಳಿ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಬಾಟಲಿಯಲ್ಲಿ, ಕಪಾಟಿನ ಮೇಲಿನ ಖಾನೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ನಾನು ಬೀಗ ಹಾಕಿಡುತ್ತಿದ್ದ ಆಮ್ಲವೇ ಪ್ರತಿ ಮಗುವಿನ ಹೊಟ್ಟೆಯಲ್ಲೂ ಇದೆ. ಅದಕ್ಕೆ ಹೊಟ್ಟೆ ಸುಡುವುದಿಲ್ಲ. ಮೇಲಿನ ಅನ್ನನಾಳಕ್ಕೆ ಒಂದು ತೊಟ್ಟು ಸಿಡಿದರೆ ಮಾತ್ರ ಮನುಷ್ಯ ದೇವರನ್ನು ನೆನೆಯುತ್ತಾನೆ.

ನಮ್ಮ ಕಡೆ ದೇವರನ್ನು ನೆನೆಯುವವರು ಕಡಿಮೆಯಿಲ್ಲ. ನಿಪ್ಪಾಣಿಯಲ್ಲಿ ಬಸ್ಸು ಇಳಿದರೆ ತಂಬಾಕಿನ ಘಾಟು ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಅಥಣಿಯ ಬೀಗರು ರೊಟ್ಟಿಯ ಪಕ್ಕ ಹಸಿಮೆಣಸಿನಕಾಯಿ ಕುಟ್ಟಿದ ಖರ್ಡಾ ಬಡಿಸಿ, "ಸಪ್ಪಗ ಐತ್ರಿ, ಇನ್ನೊಂದೀಟ ಹಾಕ್ಕೋರಿ" ಎನ್ನುತ್ತಾರೆ. ಚಿಕ್ಕೋಡಿಯ ಕಚೇರಿಗಳಲ್ಲಿ ಕಾಗದ ಮುಂದೆ ಹೋಗುವುದೇ ಚಹಾದ ಮೇಲೆ. ಇಷ್ಟೆಲ್ಲ ಇರುವಾಗ ಎದೆ ಉರಿಯದಿದ್ದರೆ ಅದೇ ಆಶ್ಚರ್ಯ. ಆದರೆ ನನ್ನ ಮಾವನವರಿಗೆ ಎದೆ ಉರಿಯಬಾರದಾಗಿತ್ತು. ಆ ರೋಗಕ್ಕೆ ಬೇಕಾದ ಅರ್ಹತೆ ಅವರಲ್ಲಿ ಒಂದೂ ಇರಲಿಲ್ಲ.

ಅವರನ್ನು ಮನೆಯವರೂ ಊರವರೂ ತಾತ್ಯಾ ಎನ್ನುತ್ತಿದ್ದರು, ಹಾಗಾಗಿ ನಾನೂ. ಶಾಲೆಯ ಮಕ್ಕಳು ನನ್ನನ್ನು ಕರೆಯುವಂತೆ ಅವರೂ ನನ್ನನ್ನು 'ಬಾಯಾರ' ಎಂದು ಕರೆದು ನಗುತ್ತಿದ್ದರು. ಕಾಗವಾಡದಲ್ಲಿ ನಮ್ಮದೊಂದು ದ್ರಾಕ್ಷಿ ತೋಟ, ತೋಟಕ್ಕಿಂತ ಹಳೆಯದೊಂದು ಮನೆ, ಮನೆಗಿಂತ ಹಳೆಯ ನಿಯಮಗಳು. ಹೊತ್ತು ಮುಳುಗಿದ ಮೇಲೆ ತಾತ್ಯಾರ ಬಾಯಿಗೆ ಅನ್ನವಿಲ್ಲ, ನೀರೂ ಇಲ್ಲ. ಗಡ್ಡೆ ಗೆಣಸು ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಯಂತೂ ಇಲ್ಲವೇ ಇಲ್ಲ. ಊಟದಲ್ಲಿ ಇಷ್ಟೊಂದು ಬಿಟ್ಟ ಮನುಷ್ಯ ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದರು. ದಿನಾ ಸಂಜೆ ಬಸದಿಯಲ್ಲಿ ಶಾಸ್ತ್ರ ಓದಿ ಅರ್ಥ ಹೇಳುವುದು. ಮೈಕು ಬೇಕಿರಲಿಲ್ಲ. ಒಳಗೆ ಅವರು ಓದಿದರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರಿಗೆ ಪಾಠ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು. ಅರ್ಥ ಹೇಳುವಾಗ ಕನ್ನಡದಲ್ಲಿ ಹೊರಟು, ನಡುವೆ ಮರಾಠಿಯಲ್ಲಿ ಒಂದು ಸುತ್ತು ಹಾಕಿ, ಮತ್ತೆ ಕನ್ನಡಕ್ಕೆ ಬಂದು ನಿಲ್ಲುವರು. ಯಾರಿಗೂ ಗಡಿ ದಾಟಿದ್ದು ಗೊತ್ತಾಗುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಿನಲ್ಲಿ ಆ ದನಿ ಒಡೆಯತೊಡಗಿತು. ಮೊದಲು ಕೆಮ್ಮು, ಆಮೇಲೆ ಹುಳಿ ತೇಗು, ಆಮೇಲೆ ಓದುವಾಗಲೇ ಎದೆಯಿಂದ ಗಂಟಲಿಗೆ ಬೆಂಕಿಯ ಗೆರೆ. ಹಳೆಯ ಬಾಗಿಲಿನಂತೆ ದನಿ ಕಿರ್ ಎನ್ನತೊಡಗಿತು. ಶಾಸ್ತ್ರದ ಮುಂದೆ ಕೂತಾಗಲೇ ಉರಿ ಬರುತ್ತದೆಂದರೆ ಇದು ಯಾವುದೋ ಹಿಂದಿನ ಕರ್ಮ ಎಂದು ತಾತ್ಯಾ ನಂಬಿದರು. ಕರ್ಮವಾದರೂ ಸರಿ, ಅದು ಓದುವ ಹೊತ್ತಿಗೇ ಯಾಕೆ ಬರುತ್ತದೆ ಎಂದು ನನಗೆ ಕುತೂಹಲ. ನಮ್ಮನೆಯವರು ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿ ಇರುತ್ತಿದ್ದರಿಂದ ತಾತ್ಯಾರನ್ನು ಗಡಿಯಾಚೆಯ ಮಿರಜದ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಮಿರಜದ ಡಾಕ್ಟರು ಮರಾಠಿಯವರು. ಗಡಿಯ ರೋಗಿಗಳನ್ನು ನೋಡಿ ನೋಡಿ ಕನ್ನಡವನ್ನೂ ಕಲಿತಿದ್ದರು. ಬಾಯಿಯಿಂದ ನಳಿಗೆ ಇಳಿಸಿ ನೋಡಿ, ಅನ್ನನಾಳ ಹೊಟ್ಟೆಗೆ ಸೇರುವಲ್ಲಿರುವ ಬಾಗಿಲು ಸಡಿಲಾಗಿದೆ, ಹುಳಿ ಮೇಲೇರಿ ಗಂಟಲನ್ನೂ ಸುಟ್ಟಿದೆ, ದನಿ ಒಡೆದದ್ದು ಅದಕ್ಕೇ ಎಂದರು. ಆಮೇಲೆ ತಾತ್ಯಾರನ್ನು ಮರಾಠಿಯಲ್ಲಿ ಅಜ್ಜಾ ಎಂದು ಕರೆದು, ಎಲ್ಲ ರೋಗಿಗಳಿಗೂ ಹೇಳುವ ಪಾಠ ಶುರು ಮಾಡಿದರು.

"ಆಜೋಬಾ, ರಾತ್ರಿ ತಡಾ ಮಾಡಿ ಊಟಾ ಮಾಡಬ್ಯಾಡ್ರಿ."

"ಹೊತ್ತ ಮುಳಗಿದ ಮ್ಯಾಲ ನೀರೂ ಕುಡಿಯೂದಿಲ್ರಿ."

"ಮಟನ್, ದಾರೂ ಬಂದ್."

"ಅಯ್ಯ!" ಎಂದರು ತಾತ್ಯಾ, ಆ ಮಾತು ಕಿವಿಗೆ ಬಿದ್ದದ್ದಕ್ಕೇ.

"ಕಾಂದಾ, ಲಸೂಣ ಕಮ್ಮಿ ಮಾಡ್ರಿ."

"ಉಳ್ಳಾಗಡ್ಡಿ ಬಳ್ಳೊಳ್ಳಿ ನಮ್ಮ ಮನ್ಯಾಗ ತರೂದs ಇಲ್ರಿ."

"ತಂಬಾಕ? ಚಹಾ?"

"ಎರಡೂ ಇಲ್ರಿ."

ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು. "ಹಂಗಾದ್ರ ಆಜೋಬಾ, ನಿಮಗ ಈ ರೋಗಾ ಬರಾಕ ಹಕ್ಕ ಇಲ್ಲ" ಎಂದರು.

ಹಕ್ಕಿಲ್ಲದವರಿಗೂ ಬರುವುದರಿಂದಲೇ ಅದಕ್ಕೆ ರೋಗ ಎನ್ನುತ್ತಾರೆ ಎಂದು ನನಗನ್ನಿಸಿತು. ಆದರೆ ಆ ಡಾಕ್ಟರಿಗೂ ನನ್ನಂತೆಯೇ ಕೆದಕುವ ಬುದ್ಧಿ. ಏನು ತಿನ್ನುತ್ತೀರಿ ಎಂದು ಕೇಳುವುದನ್ನು ಬಿಟ್ಟು, ತಿಂದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಆಗ ಗುಟ್ಟು ಬಯಲಾಯಿತು. ಹೊತ್ತು ಮುಳುಗಿದ ಮೇಲೆ ಬೆಳಗಿನ ತನಕ ನೀರಿಲ್ಲವಲ್ಲ, ಅದಕ್ಕೆ ತಾತ್ಯಾ ಪಡುವಣದ ಕಡೆ ಒಂದು ಕಣ್ಣಿಟ್ಟು ಗಡಿಬಿಡಿಯಲ್ಲಿ ಉಂಡು, ಸೂರ್ಯ ಕಬ್ಬಿನ ಗದ್ದೆಗೆ ತಾಗುವಾಗ ತುಂಬಿದ ತಂಬಿಗೆ ನೀರನ್ನು ಗಟಗಟ ಇಳಿಸುತ್ತಿದ್ದರು. ಸೂರ್ಯನಿಗೂ ಅವರಿಗೂ ದಿನಾ ಪಂದ್ಯ. ಗೆದ್ದ ಕೂಡಲೇ ಬಸದಿಗೆ ನಡೆದು, ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಂತೆ ಮತ್ತೆ ಮತ್ತೆ ಬಾಗಿ ನಮಸ್ಕಾರ. ತುಂಬಿದ ಕೊಡವನ್ನು ಬಗ್ಗಿಸಿದರೆ ಏನಾಗುತ್ತದೋ ಅದೇ ಆಗುತ್ತಿತ್ತು. ಆಮೇಲೆ ಓದಲು ಕೂರುವುದು. ಅದರಲ್ಲಿ ಹಿಂದಿನ ಜನ್ಮದ ಕೈವಾಡವೇನೂ ಇರಲಿಲ್ಲ.

ಊಟವನ್ನು ಇನ್ನೂ ಹಿಂದಕ್ಕೆ ಎಳೆದೆವು. ನೀರನ್ನು ಮಧ್ಯಾಹ್ನದಿಂದಲೇ ಗುಟುಕು ಗುಟುಕಾಗಿ ಹಂಚಿದೆವು. ಊಟಕ್ಕೂ ಬಸದಿಗೂ ನಡುವೆ ತೋಟದಲ್ಲಿ ಒಂದು ಸುತ್ತು ತಿರುಗಾಟ. ಮಲಗಿದಾಗ ಹುಳಿ ಮೇಲೇರದಿರಲೆಂದು ಮಂಚದ ತಲೆಯ ಕಡೆಗೆ ಇಟ್ಟಿಗೆ ಬಂದದ್ದೂ ಆಗಲೇ. ಅತ್ತೆ ಇಟ್ಟಿಗೆಗಳನ್ನು ತೊಳೆದು, ಅರಿಸಿನ ಹಚ್ಚುವುದೊಂದನ್ನು ಬಿಟ್ಟು ಉಳಿದೆಲ್ಲ ಉಪಚಾರ ಮಾಡಿ ಇಟ್ಟರು. ಉರಿ ಅರ್ಧಕ್ಕೆ ಇಳಿಯಿತು. ದನಿ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಊರಿನ ಬಸದಿಗೆ ಟೇಪ್ ರೆಕಾರ್ಡರ್ ಬಂತು. ಕಮಿಟಿಯ ತರುಣರು ಕೆಟ್ಟವರಲ್ಲ, ತಾತ್ಯಾರ ತೊಡೆಯ ಮೇಲೆ ಆಡಿ ಬೆಳೆದವರೇ. ಅವರಲ್ಲೊಬ್ಬ, ಭೂಪಾಲ, ಮನೆಗೆ ಬಂದು ನೆಲ ನೋಡುತ್ತಾ ಹೇಳಿದ, "ತಾತ್ಯಾ, ಈ ಸಲ ದಶಲಕ್ಷಣ ಪರ್ವಕ್ಕ ನೀವು ಆರಾಮ ತಗೋರಿ. ಹತ್ತೂ ದಿವಸದ ಪ್ರವಚನದ ಕ್ಯಾಸೆಟ್ ತರಿಸೇವಿ."

"ಕ್ಯಾಸೆಟ್ಟಿಗಿ ನಡುವ ಯಾರರ ಪ್ರಶ್ನಿ ಕೇಳಿದ್ರ?" ಎಂದರು ತಾತ್ಯಾ, ಆ ಕಿರುಗುಟ್ಟುವ ದನಿಯಲ್ಲೇ.

ಕೊನೆಗೆ ಮೊದಲ ದಿನ ತಾತ್ಯಾ ಓದುವುದು, ಜನಕ್ಕೆ ಕೇಳಿದರೆ ಹತ್ತು ದಿನವೂ ಅವರೇ, ಕೇಳದಿದ್ದರೆ ಕ್ಯಾಸೆಟ್ಟು ಎಂದು ಒಪ್ಪಂದವಾಯಿತು. ಆ ದಿನ ತಾತ್ಯಾ ತೋಟದ ತಿರುಗಾಟಕ್ಕೆ ಹೋಗಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತವರು ನನ್ನನ್ನು ಕರೆದು, "ಬಾಯಾರ, ಓದೂದ ಬಿಟ್ರ ನಾ ಏನ ಮಾಡಲಿ?" ಎಂದರು. ಊಟ ಬಿಡುವುದನ್ನು ಕಲಿತ ಮನುಷ್ಯನಿಗೆ ಓದು ಬಿಡುವುದನ್ನು ಯಾರೂ ಕಲಿಸಿರಲಿಲ್ಲ.

ಮತ್ತೆ ಮಿರಜ. ಡಾಕ್ಟರು ಈ ಸಲ ಹೊಸದಾಗಿ ಬಂದ ಔಷಧಿ ಬರೆದುಕೊಟ್ಟರು. ಓಮೆಪ್ರಝೋಲ್ ಎಂದು ಅದರ ಹೆಸರು, ಯಾವುದೋ ರಾಕ್ಷಸನ ಹೆಸರಿನ ಹಾಗೆ. ಹಳೆಯ ಗುಳಿಗೆ ಹುಳಿಯನ್ನು ತಣಿಸುವುದಷ್ಟೇ, ಇದು ಹುಳಿ ಮಾಡುವ ಕಾರ್ಖಾನೆಯನ್ನೇ ನಿಲ್ಲಿಸುತ್ತದೆ ಎಂದರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಕ್ಯಾಪ್ಸೂಲ್. ರಾತ್ರಿಯ ನಿಯಮಕ್ಕೆ ಏನೂ ಅಡ್ಡಿಯಿಲ್ಲ. ನಾವು ಗೆದ್ದೆವೆಂದುಕೊಂಡೆ.

ಮನೆಗೆ ಬಂದು ತಾತ್ಯಾ ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. "ಬಾಯಾರ, ಈ ಹೊರಗಿನ ಟೊಪಗಿ ಎದರ್ಲೆ ಮಾಡ್ಯಾರ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ವಿಜ್ಞಾನ ಕಲಿಸುವವಳಿಗೆ ಗೊತ್ತಿದ್ದದ್ದನ್ನು ಹೇಳದೆ ಇರುವುದು ಸೀನು ತಡೆದ ಹಾಗೆ. "ಜಿಲೆಟಿನ್ ರಿ. ದನದ ಎಲುವು, ಚರ್ಮಾ ಕುದಿಸಿ ತಗೀತಾರ" ಎಂದೆ.

ತಾತ್ಯಾ ಕ್ಯಾಪ್ಸೂಲನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿದರು. ಆಮೇಲೆ, "ಔಷಧ ಒಳಗ ಐತಿ, ಪಾಪ ಹೊರಗ ಐತಿ. ಹೊರಗಿಂದ ಬಿಟ್ಟ ಒಳಗಿಂದ ತಗೊಂಡ್ರ ಆತಲ್ಲ" ಎಂದರು. ಪಾಪ ಮುಟ್ಟಿದ್ದೂ ಪಾಪವಲ್ಲವೇ ಎಂದು ವಾದ ಹೂಡುವ ಪಂಡಿತರು ಇರಬಹುದು. ಅಂದು ನಮ್ಮ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಟೋಪಿ ಬಿಚ್ಚಿದರೆ ಒಳಗೆ ಗಸಗಸೆಯಂಥ ಬಿಳಿ ಕಾಳು. ಅಲ್ಲಿಂದ ಮುಂದಿನದನ್ನು ಅತ್ತೆ ಕೈಗೆತ್ತಿಕೊಂಡರು.

ಅತ್ತೆಯ ವೈದ್ಯಶಾಸ್ತ್ರದಲ್ಲಿ ಅರೆಯದೆ ಇದ್ದದ್ದು ಔಷಧಿಯೇ ಅಲ್ಲ. "ಕಾಳ ಹಂಗ ನುಂಗಿದ್ರ ಹೊಟ್ಯಾಗ ಹಂಗ ಕುಂದರತಾವ" ಎಂದು, ಏಲಕ್ಕಿ ಕುಟ್ಟುವ ಪುಟ್ಟ ಹಿತ್ತಾಳೆ ಖಲಬತ್ತಾದಲ್ಲಿ ಆ ಕಾಳುಗಳನ್ನು ಹಾಕಿ, ಬತ್ತಾ ಹಿಡಿದು ಮೆಲ್ಲಗೆ ತಿರುವಿ ತಿರುವಿ ಹಿಟ್ಟು ಮಾಡುವರು. ಬೇರೆಯವರ ಮನೆಯಲ್ಲಾದರೆ ಜೇನಿನಲ್ಲಿ ಕಲಸುತ್ತಾರೆ. ನಮಗೆ ಜೇನು ಸಲ್ಲದು, ಹಾಗಾಗಿ ಬೆಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಪಂಜೆ ಸುತ್ತಿಕೊಂಡು, ಮಾತಾಡದೆ ಅರೆಯುವರು. ನೋಡಿದರೆ ಯಾವ ರೋಗವೂ ಎದ್ದು ಹೋಗಬೇಕು, ಅಷ್ಟು ಶ್ರದ್ಧೆ. ರೋಗ ಮಾತ್ರ ಕದಲಲಿಲ್ಲ. ಶ್ರಾವಣ ಬಂತು. ಕಾರ್ಖಾನೆ ನಿಲ್ಲಿಸುವ ಔಷಧಿ ನಮ್ಮ ಮನೆಯಲ್ಲಿ ಒಂದು ಚಿಮಣಿಯನ್ನೂ ಆರಿಸಿರಲಿಲ್ಲ.

ಒಂದು ರವಿವಾರ ಅತ್ತೆ ಅವಲಕ್ಕಿಗೆಂದು ಬಟ್ಟಲಲ್ಲಿ ಲಿಂಬೆಹಣ್ಣು ಹಿಂಡಿಟ್ಟಿದ್ದರು. ಔಷಧಿ ಅರೆದಾದ ಮೇಲೆ ಬತ್ತಾವನ್ನು ಆ ಬಟ್ಟಲ ಅಂಚಿಗೇ ಕೊಡವಿರಬೇಕು. ಸ್ವಲ್ಪ ಹೊತ್ತಿಗೆ ನಾನು ಬಂದು ನೋಡಿದರೆ ಲಿಂಬೆರಸದಲ್ಲಿ ನೇರಳೆ ಹಣ್ಣು ಹಿಚುಕಿದಂಥ ಕಲೆ. ಅತ್ತೆ ರಸ ಕೆಟ್ಟಿತೆಂದು ಚೆಲ್ಲಲು ಹೋದರು. ನಾನು ಕೈ ಹಿಡಿದೆ. ಬಣ್ಣ ಬದಲಾಯಿತೆಂದರೆ ಅಲ್ಲೇನೋ ನಡೆದಿದೆ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೇ ಅದು ಚಟವಾಗಿತ್ತು.

ಅಡುಗೆಮನೆ ಪ್ರಯೋಗಶಾಲೆಯಾಯಿತು. ಒಂದು ಸಣ್ಣ ವಾಟಿ ಬಟ್ಟಲಲ್ಲಿ ಲಿಂಬೆರಸಕ್ಕೆ ಅರೆದ ಪುಡಿ ಹಾಕಿದೆ. ಇನ್ನೊಂದರಲ್ಲಿ ಅದೇ ರಸಕ್ಕೆ ಅರೆಯದ ಕಾಳು. ಮತ್ತೊಂದರಲ್ಲಿ ಭಜಿಗೆ ಹಾಕುವ ಸೋಡಾದ ನೀರಿಗೆ ಅರೆಯದ ಕಾಳು. ಅವಲಕ್ಕಿ ಯಾರಿಗೂ ಸಿಗಲಿಲ್ಲ. ಪುಡಿ ಮತ್ತೆ ಕಂದು ನೇರಳೆಯಾಯಿತು. ಲಿಂಬೆರಸದಲ್ಲಿದ್ದ ಇಡೀ ಕಾಳುಗಳು ಮದುವೆಮನೆಯಲ್ಲಿ ಪರಿಚಯವಿಲ್ಲದವರು ಕೂತಂತೆ ಹಾಗೇ ಕೂತಿದ್ದವು. ಸೋಡಾ ನೀರಿನಲ್ಲಿದ್ದವು ಮೆತ್ತಗಾಗಿ, ಬಿಚ್ಚಿಕೊಂಡು, ಕರಗಿಹೋದವು.

ಹೊಟ್ಟೆ ಎಂದರೆ ಲಿಂಬೆರಸ, ಅದರಾಚೆಯ ಕರುಳು ಎಂದರೆ ಸೋಡಾ ನೀರು. ಈ ಔಷಧಿ ಹುಳಿಯ ಶತ್ರು ನಿಜ, ಆದರೆ ಹುಳಿಗೆ ನೇರವಾಗಿ ಸಿಕ್ಕರೆ ತಾನೇ ಸಾಯುತ್ತದೆ. ಅದಕ್ಕೇ ಪ್ರತಿ ಕಾಳಿಗೂ ಒಂದು ಅಂಗಿ ತೊಡಿಸಿದ್ದರು. ಅಂಗಿ ತೊಟ್ಟು ಹುಳಿಯ ಊರನ್ನು ದಾಟಿ, ಆಚೆಯ ಊರಲ್ಲಿ ಅಂಗಿ ಬಿಚ್ಚಿ, ಅಲ್ಲಿಂದ ರಕ್ತದ ದಾರಿ ಹಿಡಿದು ಹಿಂದಿನಿಂದ ಬಂದು ಕಾರ್ಖಾನೆಗೆ ಬೀಗ ಹಾಕಬೇಕು. ನಾವು ಧರ್ಮಕ್ಕೆಂದು ಟೋಪಿ ತೆಗೆದಿದ್ದೆವು, ಅಕ್ಕರೆಗೆಂದು ಅಂಗಿಯನ್ನೂ ಸುಲಿದಿದ್ದೆವು. ಟೋಪಿ ಎಲ್ಲಿಂದ ಬಂತೆಂದು ತಿಳಿದಿದ್ದ ನನಗೆ ಅಂಗಿ ಇದೆಯೆಂದೇ ತಿಳಿದಿರಲಿಲ್ಲ.

ನಾನು ಹುರುಪಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದೆ. ಅತ್ತೆಯ ಮುಖ ನೋಡಿರಲಿಲ್ಲ.

"ಹಂಗಾದ್ರ ಅವರ ದನಿ ನಾನs ಅರದ ಹಾಕಿದ್ನೇನ ಪದ್ಮಾ?" ಎಂದರು.

ಹಾಗಲ್ಲ ಎಂದೆ, ನನಗೂ ಗೊತ್ತಿರಲಿಲ್ಲವಲ್ಲ ಎಂದೆ. ಅವರು ಖಲಬತ್ತಾವನ್ನು ತೊಳೆದು, ಒರೆಸಿ, ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಆ ತಿಂಗಳೆಲ್ಲ ನಮ್ಮ ಮನೆಯ ಪಾಯಸದಲ್ಲಿ ಏಲಕ್ಕಿ ಸಿಪ್ಪೆ ಸಮೇತ ಇಡಿಯಾಗಿ ತೇಲುತ್ತಿತ್ತು. ತಿನ್ನುವಾಗ ಬಾಯಿಗೆ ಸಿಕ್ಕದ್ದನ್ನು ಎಲ್ಲರೂ ತಟ್ಟೆಯ ಅಂಚಿಗೆ ತೆಗೆದಿಡುತ್ತಿದ್ದರು.

ಮಿರಜದ ಡಾಕ್ಟರು ನನ್ನ ಮೂರು ವಾಟಿಯ ಕಥೆ ಕೇಳಿ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಏನ ತಗೋಬೇಕು ಅಂತ ಬರದೆ, ಹೆಂಗ ತಗೋಬೇಕು ಅಂತ ಹೇಳಲಿಲ್ಲ ನೋಡ್ರಿ. ಟೊಪಗಿ ತಗೀರಿ, ಅಂಗಿಗಿ ಕೈ ಹಚ್ಚಬ್ಯಾಡ್ರಿ" ಎಂದರು. ಮೆತ್ತಗಿನ ಬಾಳೆಹಣ್ಣನ್ನು ಚಮಚೆಯಲ್ಲಿ ಹಿಸುಕಿ, ಕಾಳುಗಳನ್ನು ಅದರ ಮೇಲೆ ಉದುರಿಸಿ, ಅಗಿಯದೆ ನುಂಗಬೇಕು. ಕೇಳಲು ಸುಲಭ. ಒಂದೊಂದು ತುತ್ತನ್ನೂ ನೋಡಿ, ಅಗಿದು, ನಿಧಾನವಾಗಿ ಉಣ್ಣಬೇಕೆಂದು ಬಾಲ್ಯದಿಂದ ಕಲಿತ ತಾತ್ಯಾರಿಗೆ ಅಗಿಯದಿರುವುದೇ ದೊಡ್ಡ ವ್ರತವಾಯಿತು. ಚಮಚೆ ಬಾಯಿಗೆ ಹೋದ ಕೂಡಲೇ ಅವರ ದವಡೆ ತಾನಾಗಿ ಆಡುತ್ತಿತ್ತು. ಎದುರಿಗೆ ಕೂತ ನಾನು "ತಾತ್ಯಾ, ದವಡಿ!" ಎಂದು ಶಾಲೆಯ ದನಿಯಲ್ಲಿ ಗದರುತ್ತಿದ್ದೆ. ಅತ್ತೆ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಭಾದ್ರಪದ ಬಂತು. ಪರ್ವದ ಮೊದಲ ದಿನ, ಹತ್ತು ಧರ್ಮಗಳಲ್ಲಿ ಮೊದಲನೆಯದಾದ ಉತ್ತಮ ಕ್ಷಮೆಯ ಪಾಠ. ತಾತ್ಯಾರ ಪಕ್ಕದಲ್ಲಿ ಟೇಪ್ ರೆಕಾರ್ಡರ್, ಅದರ ಪಕ್ಕದಲ್ಲಿ ಭೂಪಾಲ, ಬೆರಳು ಗುಂಡಿಯ ಹತ್ತಿರ. ಹೊರಗೆ ಸಣ್ಣ ಮಳೆ. ತಾತ್ಯಾ ಶುರು ಮಾಡಿದಾಗ ದನಿ ಮುಂದಿನ ಸಾಲಿಗಷ್ಟೇ ಕೇಳುವಂತಿತ್ತು. ನನ್ನ ಪಕ್ಕದಲ್ಲಿದ್ದ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಓದು ಮುಂದುವರಿದಂತೆ ದನಿ ನಿಂತ ನೆಲವನ್ನು ನಂಬಿದಂತೆ ಏರತೊಡಗಿತು. ಹಿಂದಿನಷ್ಟು ಅಲ್ಲ, ಹಿಂದಿನದು ಹೋಗಿತ್ತು. ಆದರೆ ಕಂಬದಾಚೆ ಕೂತಿದ್ದ ಹೆಂಗಸರು ಮುಂದಕ್ಕೆ ಬಾಗುವುದನ್ನು ಬಿಟ್ಟು ನೆಟ್ಟಗೆ ಕೂತರು. ಭೂಪಾಲ ಗುಂಡಿ ಒತ್ತಿದ. ಕ್ಯಾಸೆಟ್ಟು ಹಾಡಿಸಲಿಕ್ಕಲ್ಲ, ತಾತ್ಯಾರ ದನಿ ತುಂಬಿಕೊಳ್ಳಲಿಕ್ಕೆ.

ಓದು ಮುಗಿಸಿ ತಾತ್ಯಾ ಅರ್ಥ ಹೇಳಿದರು. "ಸಿಟ್ಟಿನ್ಯಾಗ ಮಾಡಿದ ತಪ್ಪಿಗಿ ಕ್ಷಮಾ ಕೇಳೂದು ಎಲ್ಲಾರಿಗೂ ಗೊತ್ತೈತಿ. ಅಕ್ಕರತೀಲೆ ಮಾಡಿದ ತಪ್ಪ ಇರತೈತಿ ನೋಡ್ರಿ, ಅದನ್ನ ಮಾಡಿದವರು ತಮಗ ತಾವs ಕ್ಷಮಾ ಮಾಡಕೊಳ್ಳೂದಿಲ್ಲ. ಅದಕ್ಕ ಅವರಿಗಿ ನಾವು ಮೊದಲ ಹೇಳಬೇಕು." ಬಸದಿ ಹೌದು ಹೌದೆಂದು ತಲೆದೂಗಿತು, ಯಾರ ಕುರಿತ ಮಾತೆಂದು ತಿಳಿಯದೆ. ಅತ್ತೆ ಮುಖದ ಮೇಲೆ ಸೆರಗು ಎಳೆದುಕೊಂಡರು.

ಹತ್ತು ದಿನವೂ ತಾತ್ಯಾರೇ ಓದಿದರು. ಪರ್ವ ಮುಗಿದ ಮೇಲೆ ಭೂಪಾಲ ಆ ಯಂತ್ರವನ್ನು ಮನೆಗೆ ತಂದು, ಮೊದಲ ದಿನದ ಕ್ಯಾಸೆಟ್ ಹಚ್ಚಿದ. ತಾತ್ಯಾ ತಮ್ಮ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಕಿವಿ ಮುಂದೆ ಮಾಡಿ ಕೇಳಿದರು, ಹುಬ್ಬು ಗಂಟಿಕ್ಕಿದರು.

"ಇದು ನನ್ನ ದನಿ ಅಲ್ಲೋ. ಯಾವನೋ ಮುದುಕಂದು" ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. "ಇದಕ್ಕಾಗಿ ಇಷ್ಟ ಬಾಳಿಹಣ್ಣ ನುಂಗಿದ್ನೇನ? ಬಾಯಾರ, ನಿಮ್ಮ ಸಾಯನ್ಸ ಏನ ಹೇಳತೈತಿ?"

ನಮ್ಮ ದನಿ ನಮಗೆ ತಲೆಯ ಎಲುಬಿನೊಳಗಿಂದಲೂ ಕೇಳುತ್ತದೆ, ಹಾಗಾಗಿ ಹೊರಗಿನವರಿಗೆ ಕೇಳುವ ದನಿಯೇ ಬೇರೆ ಎಂದು ವಿವರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ನಿಂತಿದ್ದರು.

"ನಿಮ್ಮದs ದನಿ ಅದು. ನಿಮಗೇನ ಗೊತ್ತಾಗಬೇಕ್ರಿ, ನೀವು ಹೇಳಿದವರು. ಮದವಿ ಆದಾಗಿಂದ ಕೇಳಿದಾಕಿ ನಾನು."

ನನ್ನ ವಿವರಣೆ ಅಲ್ಲಿಗೇ ನಿಂತಿತು. ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಪುಸ್ತಕದಲ್ಲೂ ಇರಲಿಲ್ಲ. ತಾತ್ಯಾ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಹಚ್ಚಲು ಹೇಳಿ, ಈ ಸಲ ಅದು ತಮ್ಮದೇ ಎಂದು ಒಪ್ಪಿಕೊಂಡವರಂತೆ ಕಣ್ಣು ಮುಚ್ಚಿ ಕೇಳಿದರು. ಅತ್ತೆ ನನ್ನನ್ನು ಒಳಗೆ ಕರೆದು, ಪಾಯಸಕ್ಕೆ ಹೊತ್ತಾಯಿತು, ಅಟ್ಟದ ಮೇಲಿನ ಖಲಬತ್ತಾ ಇಳಿಸಿಕೊಡು ಎಂದರು.